ಪೇಟೆಂಟ್ ಸಿಕ್ಕಿದೆ ಎಂದರೆ ಉಪಕರಣ ನಿಖರ ಎಂದರ್ಥವೇ?

'ಪೇಟೆಂಟ್ ಪಡೆದ ತಂತ್ರಜ್ಞಾನ, ಹಾಗಾಗಿ ನೂರಕ್ಕೆ ನೂರು ನಿಖರ.' ಇಂಥ ಸಾಲನ್ನು ನೀವೂ ಫಾರ್ವರ್ಡ್‌ಗಳಲ್ಲಿ ನೋಡಿರಬಹುದು. ಇದು ಎಷ್ಟು ಸರಿ? ಸೇತುವೆ, ವಿಮಾನದ ರೆಕ್ಕೆಗಳ ಮೇಲ್ಮೈ ಎಷ್ಟು ಹಿಗ್ಗಿದೆ ಎಂದು ಕ್ಯಾಮೆರಾದಿಂದ ಅಳೆಯುವ ವಿಧಾನವನ್ನೇ ಉದಾಹರಣೆಯಾಗಿ ನೋಡೋಣ.

ಕ್ಯಾಮೆರಾ ಅಳೆಯುವುದು ಹೇಗೆ?

ಭಾರ ಬಿದ್ದಾಗ ಉಕ್ಕು ಕೂಡ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಮೂಲ ಉದ್ದಕ್ಕೆ ಹೋಲಿಸಿದರೆ ಎಷ್ಟು ಪಾಲು ಹಿಗ್ಗಿದೆ ಎಂಬುದೇ 'ಸ್ಟ್ರೈನ್'. ಇದನ್ನು ಅಳೆಯಲು ಮೇಲ್ಮೈಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಕಪ್ಪು ಚುಕ್ಕೆಗಳನ್ನು ಸಿಂಪಡಿಸುತ್ತಾರೆ. ಭಾರ ಹೇರುವ ಮೊದಲು ಮತ್ತು ನಂತರ ಫೋಟೊ ತೆಗೆಯುತ್ತಾರೆ. ಚುಕ್ಕೆಗಳ ಗುಂಪು ಎಷ್ಟು ಸರಿದಿದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಇದರ ಹೆಸರು ಡಿಜಿಟಲ್ ಇಮೇಜ್ ಕೋರಿಲೇಷನ್.

ಹಾಗಾದರೆ ಪೇಟೆಂಟ್ ಜಗಳ ಯಾವುದಕ್ಕೆ?

ಪೇಟೆಂಟ್ ಸಿಗಬೇಕಾದರೆ ಆವಿಷ್ಕಾರ ಹೊಸದಾಗಿರಬೇಕು. ಈ ವಿಧಾನದ ಮೂಲ ಕಲ್ಪನೆಯನ್ನು ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಪೀಟರ್ಸ್ ಮತ್ತು ರಾನ್ಸನ್ 1982ರಲ್ಲೇ ಪ್ರಕಟಿಸಿದ್ದಾರೆ. ಹೀಗಾಗಿ 'ಚುಕ್ಕೆಗಳ ಫೋಟೊ ಹೋಲಿಸುವ ಉಪಾಯವೇ ನನ್ನದು' ಎಂದು ಇಂದು ಯಾರೂ ಹೇಳುವಂತಿಲ್ಲ. ತಾವು ಮಾಡಿದ ಹೊಸ ಸುಧಾರಣೆಗೆ ಮಾತ್ರ ಹಕ್ಕು ಕೇಳಬಹುದು. ವ್ಯಾಜ್ಯ ಶುರುವಾದರೆ ಎದುರಾಳಿ ಹಳೆಯ ಪ್ರಬಂಧಗಳನ್ನು ಹುಡುಕುವುದು ಇದೇ ಕಾರಣಕ್ಕೆ. ಭಾರತದ 1970ರ ಪೇಟೆಂಟ್ ಕಾಯ್ದೆಯ ಪ್ರಕಾರ ಬರೀ ಗಣಿತ ವಿಧಾನಕ್ಕೋ ಅಲ್ಗಾರಿದಮ್‌ಗೋ ಪೇಟೆಂಟ್ ಕೊಡುವಂತಿಲ್ಲ.

ಕೊಟ್ಟ ಪೇಟೆಂಟ್ ರದ್ದಾಗುವುದೂ ಉಂಟು. ಗಾಯ ಮಾಯಲು ಅರಿಶಿನ ಬಳಸುವುದಕ್ಕೆ ಅಮೆರಿಕ 1995ರಲ್ಲಿ ಪೇಟೆಂಟ್ ಕೊಟ್ಟಿತ್ತು. ಇದು ನಮ್ಮಲ್ಲಿ ಹಿಂದಿನಿಂದಲೂ ಇದೆ ಎಂದು ಭಾರತದ ಸಿಎಸ್‌ಐಆರ್ ಹಳೆಯ ದಾಖಲೆಗಳನ್ನು ಮುಂದಿಟ್ಟಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು.

ನಿಖರತೆಗೆ ಯಾರು ಹೊಣೆ?

ಪೇಟೆಂಟ್ ಪರೀಕ್ಷಕರು ನೋಡುವುದು ಅರ್ಜಿಯನ್ನು. ಉಪಕರಣವನ್ನು ಸೇತುವೆಗೆ ಹಿಡಿದು ಅವರು ಅಳತೆ ಪರೀಕ್ಷಿಸುವುದಿಲ್ಲ. ಆ ಕೆಲಸ ಪ್ರಯೋಗಾಲಯದ್ದು. ಅದೇ ಜಾಗದಲ್ಲಿ ಸ್ಟ್ರೈನ್ ಗೇಜ್ ಅಂಟಿಸಿ, ಎರಡೂ ಅಳತೆಗಳನ್ನು ಹೋಲಿಸಿ ನೋಡಬೇಕು. ಚುಕ್ಕೆ ಮಸುಕಾಗಿದ್ದರೆ, ಕ್ಯಾಮೆರಾ ಅಲುಗಿದರೆ ಪೇಟೆಂಟ್ ಇರುವ ಉಪಕರಣವೂ ತಪ್ಪು ತೋರಿಸುತ್ತದೆ. ಆ ತಪ್ಪು ಅಳತೆ ನಂಬಿ ಸೇತುವೆ ಸುರಕ್ಷಿತ ಎಂದುಬಿಟ್ಟರೆ, ಅದರ ಮೇಲೆ ಓಡಾಡುವವರ ಜೀವಕ್ಕೇ ಅಪಾಯ.

ನಾವು ಹೇಳುವುದು ಇಷ್ಟೇ: ಪೇಟೆಂಟ್ ಎಂದರೆ, ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಅನುಮತಿಯಿಲ್ಲದೆ ಅದನ್ನು ತಯಾರಿಸದಂತೆ, ಮಾರದಂತೆ ತಡೆಯುವ ಹಕ್ಕು. ಅದು ಗುಣಮಟ್ಟದ ಸರ್ಟಿಫಿಕೇಟ್ ಅಲ್ಲ. ಅರ್ಜಿ ಪ್ರಕಟವಾದ ಮಾತ್ರಕ್ಕೆ ಪೇಟೆಂಟ್ ಸಿಕ್ಕಂತೆಯೂ ಅಲ್ಲ. ಮುಂದಿನ ಸಲ ಇಂಥ ಸಂದೇಶ ಬಂದರೆ, ಶೇರ್ ಮಾಡುವ ಮೊದಲು ಎರಡು ಪ್ರಶ್ನೆ ಕೇಳಿ: ಪೇಟೆಂಟ್ ಯಾವ ಭಾಗಕ್ಕೆ? ಅಳತೆಯನ್ನು ಪರೀಕ್ಷಿಸಿದವರು ಯಾರು?