ತಲೆಗೂ ಒಂದು ಶಟರ್ ಬೇಕು



ಹೈದರಾಬಾದಿನಲ್ಲಿ ಹೋಟೆಲ್ ನಡೆಸುವ ನಾವು ರಾತ್ರಿ 11ಕ್ಕೆ ಶಟರ್ ಎಳೆಯುತ್ತೇವೆ. ತಲೆಗೆ ಮಾತ್ರ ಶಟರ್ ಇಲ್ಲ. ದೋಸೆ ಮಾಸ್ಟರ್ ಬರುತ್ತಾನೋ, ಸಿಲಿಂಡರ್ ಸಾಲುತ್ತದೋ, ಜೊಮ್ಯಾಟೊದಲ್ಲಿ ಯಾರು ಏನು ಬರೆದರೋ ಎಂದು ಹಾಸಿಗೆಯಲ್ಲೂ ಲೆಕ್ಕ ನಡೆದೇ ಇರುತ್ತದೆ. ಡಿಕಾಕ್ಷನ್ ರುಚಿ ನೋಡುವ ನೆಪದಲ್ಲಿ ದಿನಕ್ಕೆ ಎಂಟು ಕಾಫಿ ಬೇರೆ! ಸಂಜೆ 6ರ ಕಾಫಿಯ ಕೆಫೀನ್ ರಾತ್ರಿ 11ಕ್ಕೂ ಸುಮಾರು ಅರ್ಧ ಮೈಯಲ್ಲೇ ಇರುತ್ತದೆ. ಮಧ್ಯಾಹ್ನದ ಮೇಲೆ ರುಚಿ ನೋಡುವುದನ್ನು ಮಾಣಿಗೆ ಬಿಡೋಣ. ನಾಳೆಯ ಚಿಂತೆಗಳನ್ನು ಚೀಟಿಯಲ್ಲಿ ಬರೆದು ಗಲ್ಲಾದಲ್ಲಿಟ್ಟು ಬೀಗ ಹಾಕೋಣ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ ಇಷ್ಟು ಸಾಲದು. 2022ರಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಇದೆ, ಸಂಖ್ಯೆ 14416. ಉಚಿತ, 24 ಗಂಟೆ, ಕನ್ನಡದಲ್ಲೂ ಮಾತನಾಡುತ್ತಾರೆ. ಬಿ.ಪಿ. ಮಾತ್ರೆಗೆ ನಾಚದ ನಾವು ಇದಕ್ಕೇಕೆ ನಾಚಬೇಕು? ಕಿಚನ್ ಗೋಡೆಗೂ ಸಂಖ್ಯೆ ಅಂಟಿಸಿ, ಊರು ಬಿಟ್ಟು ಬಂದ ಹುಡುಗರಿಗೂ ಬೇಕಾದೀತು.