ಹಳೆಯ ಗಾಡಿಗೆ ಯಾವ ಪೆಟ್ರೋಲು?

ನಮ್ಮ ಸದಸ್ಯರಲ್ಲಿ ಹೊಸ ಕಾರು ಕೊಂಡವರಿದ್ದಾರೆ, ಸಂತೋಷ. ಆದರೆ ಎರಡು ಮೂರು ಎಕರೆ ಅಡಿಕೆ, ನಾಲ್ಕೈದು ಎಕರೆ ಕಾಫಿ ಇಟ್ಟುಕೊಂಡು ಸಂಸಾರ ತೂಗಿಸುವ ಬಹುಪಾಲು ಬೆಳೆಗಾರರ ಶೆಡ್ಡಿನಲ್ಲಿ ಇಂದಿಗೂ ನಿಂತಿರುವುದು ಒಂದು ಪೆಟ್ರೋಲ್ ಜೀಪು, ಅಪ್ಪನ ಕಾಲದ ಅಂಬಾಸಿಡರ್, ಇಲ್ಲವೆ ಮಾರುತಿ 800 ಅಥವಾ ಓಮ್ನಿ. ಗೊಬ್ಬರ ತರುವುದಕ್ಕೂ ಅದೇ, ಮಂಡಿಗೆ ಅಡಿಕೆ ಒಯ್ಯುವುದಕ್ಕೂ ಅದೇ, ನಡುರಾತ್ರಿ ಲೈನಿನಲ್ಲಿ ಯಾರಿಗಾದರೂ ಹೆರಿಗೆ ನೋವು ಕಾಣಿಸಿಕೊಂಡರೆ ಪೇಟೆಯ ಆಸ್ಪತ್ರೆಗೆ ಓಡುವುದಕ್ಕೂ ಅದೇ. ಇಂಥ ಗಾಡಿಗೆ ಯಾವ ಪೆಟ್ರೋಲು ಹಾಕಿಸಬೇಕು, ಸಾದಾ ಸಾಕೋ ದುಬಾರಿಯದೇ ಬೇಕೋ ಎಂದು ಕಚೇರಿಗೆ ಬಂದ ಸದಸ್ಯರು ಕೇಳುವುದು ಈಚೆಗೆ ಹೆಚ್ಚಾಗಿದೆ. ಬಂಕಿನಲ್ಲಿ ಒಬ್ಬರು ಒಂದು ಹೇಳಿದರೆ ಗ್ಯಾರೇಜಿನಲ್ಲಿ ಇನ್ನೊಬ್ಬರು ಬೇರೆ ಹೇಳುತ್ತಾರಂತೆ. (ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿಕೊಂಡವರು ಈ ಪುಟ ಮಗುಚಿ ಮುಂದೆ ಹೋಗಬಹುದು.)

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಹಳೆಯ ಗಾಡಿಗೆ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲು ಬೇಕಿಲ್ಲ. ಅದಕ್ಕೆ ಬೇಕಾಗಿರುವುದು ಎಥನಾಲ್ ಕಡಿಮೆ ಇರುವ ಪೆಟ್ರೋಲು, ಮತ್ತು ಅದೇ ನಮಗೆ ಸಿಗುತ್ತಿಲ್ಲ. ಈ ಎರಡು ಸಂಗತಿಗಳನ್ನು ಒಂದಕ್ಕೊಂದು ಬೆರೆಸಿಕೊಂಡಿರುವುದರಿಂದಲೇ ನಮ್ಮ ದುಡ್ಡು ಪೋಲಾಗುತ್ತಿದೆ.

ಆಕ್ಟೇನ್ ಎಂದರೆ ಶಕ್ತಿಯಲ್ಲ. ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಒತ್ತಿದಾಗ ಅದು ಕಾಯುತ್ತದೆ. ಪ್ಲಗ್ಗು ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಕ್ರಮವಾಗಿ ಹರಡಬೇಕು. ಹಾಗಾಗದೆ ಇನ್ನೂ ಉರಿಯದ ಪಾಲು ತಾನೇ ತಾನಾಗಿ ಒಮ್ಮೆಗೇ ಹೊತ್ತಿಕೊಂಡರೆ ಇಂಜಿನ್ನು ಕಟಕಟನೆ ಕುಟ್ಟುತ್ತದೆ. ಘಾಟಿಯಲ್ಲಿ ಲೋಡು ಹಾಕಿಕೊಂಡು ಟಾಪ್ ಗೇರಿನಲ್ಲೇ ಎಳೆಸಿದವರಿಗೆಲ್ಲ ಈ ಸದ್ದು ಗೊತ್ತು. ಈ ಕುಟ್ಟುವಿಕೆಯನ್ನು ಪೆಟ್ರೋಲು ಎಷ್ಟರ ಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದರ ಅಳತೆಯೇ ಆಕ್ಟೇನ್. ಇಂಜಿನ್ನು ಹೆಚ್ಚು ಒತ್ತುವಂಥದಾದರೆ ಹೆಚ್ಚು ಆಕ್ಟೇನ್ ಬೇಕು. ಕಡಿಮೆ ಒತ್ತುವಂಥದಕ್ಕೆ ಕಡಿಮೆ ಸಾಕು.

ಈಗ ನಮ್ಮ ಗಾಡಿಗಳನ್ನು ನೋಡಿ. ಯುದ್ಧಕಾಲದ ವಿಲ್ಲೀಸ್ ಜೀಪಿನ ಇಂಜಿನ್ನು ಮಿಶ್ರಣವನ್ನು ಒತ್ತುವುದು ಸುಮಾರು ಆರೂವರೆ ಪಾಲು ಮಾತ್ರ. 1,489 ಸಿಸಿಯ ಹಳೆಯ ಅಂಬಾಸಿಡರಿನದು ಏಳರ ಆಸುಪಾಸು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕೂಡ ಒಂಬತ್ತನ್ನು ದಾಟಲಿಲ್ಲ. ಇವೆಲ್ಲ ಕಡಿಮೆ ಆಕ್ಟೇನಿನ ಪೆಟ್ರೋಲು ಕುಡಿದು ಬೆಳೆದ ಗಾಡಿಗಳು. ಹಿಂದೆ ನಮ್ಮ ದೇಶದ ಸಾದಾ ಪೆಟ್ರೋಲು 88 ಆಕ್ಟೇನಿನದಾಗಿತ್ತು, ಬಿಎಸ್-6ಕ್ಕೆ ಅದು 91 ಆಯಿತು, ಶೇಕಡಾ 20 ಎಥನಾಲ್ ಬೆರೆತ ಮೇಲೆ 95 ಆಗಿದೆ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಿನಲ್ಲಿ ತಿಳಿಸಿದೆ. ಎಂದರೆ ಈ ಗಾಡಿಗಳು ಕೇಳುವುದಕ್ಕಿಂತ ಹೆಚ್ಚಿನ ಆಕ್ಟೇನು ಸಾದಾ ಪಂಪಿನಲ್ಲೇ ಬರುತ್ತಿದೆ. ಅದರ ಮೇಲೂ ದುಡ್ಡು ಕೊಟ್ಟು ‘ಪ್ರೀಮಿಯಂ’ ಹಾಕಿಸುವುದು, ಎರಡು ಚೀಲ ಸಾಕಾಗುವ ತೋಟಕ್ಕೆ ನಾಲ್ಕು ಚೀಲ ಗೊಬ್ಬರ ಸುರಿದಂತೆ. ವ್ಯತ್ಯಾಸ ಲೀಟರಿಗೆ ಎಂಟು ರೂಪಾಯಿ ಎಂದಿಟ್ಟುಕೊಳ್ಳೋಣ. ತಿಂಗಳಿಗೆ 40 ಲೀಟರು ಸುಡುವವನಿಗೆ ವರ್ಷಕ್ಕೆ 3,840 ರೂಪಾಯಿ. ದುಬಾರಿ ಪೆಟ್ರೋಲಿನಲ್ಲಿ ಇಂಜಿನ್ ಒಳಗನ್ನು ಶುಚಿಯಾಗಿಡುವ ದ್ರವ್ಯಗಳಿವೆ ಎನ್ನುತ್ತಾರೆ, ಇದ್ದೀತು. ಕಾರ್ಬುರೇಟರನ್ನು ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸುವವನಿಗೆ ಅದರಿಂದ ಆಗುವ ಲಾಭ ಅಷ್ಟಕ್ಕಷ್ಟೇ.

“ಆದರೆ ನಮ್ಮ ಗಾಡಿ ಕುಟ್ಟುತ್ತದಲ್ಲ!” ಎನ್ನುವವರಿದ್ದಾರೆ. ಆರೂವರೆ, ಏಳು ಪಾಲು ಒತ್ತುವ ಇಂಜಿನ್ನು ಇಂದಿನ ಪೆಟ್ರೋಲಿನಲ್ಲೂ ಕುಟ್ಟಿದರೆ ತಪ್ಪು ಪೆಟ್ರೋಲಿನದಲ್ಲ. ಟೈಮಿಂಗು ಮುಂದಕ್ಕೆ ಹೋಗಿರಬೇಕು, ಅಥವಾ ಹೆಡ್ಡಿನಲ್ಲಿ ಕರಿ ಕಟ್ಟಿರಬೇಕು, ಇಲ್ಲವೆ ರೇಡಿಯೇಟರು ಅರ್ಧ ಮುಚ್ಚಿ ಇಂಜಿನ್ನು ಕಾಯುತ್ತಿರಬೇಕು. ಬೀಗದ ಕೈ ತೆಗೆದ ಮೇಲೂ ಇಂಜಿನ್ನು ನಾಲ್ಕು ಸುತ್ತು ಗುಡುಗಿ ನಿಲ್ಲುವುದಕ್ಕೂ ಬಹುಮಟ್ಟಿಗೆ ಇವೇ ಕಾರಣ. ಹೆಡ್ಡು ಬಿಚ್ಚಿ ಕರಿ ಕೆರೆಸದೆ ದುಬಾರಿ ಪೆಟ್ರೋಲು ಹಾಕಿಸುವುದು ಜ್ವರಕ್ಕೆ ಔಷಧಿ ಕೊಡದೆ ಕಂಬಳಿ ಹೊದಿಸಿದ ಹಾಗೆ.

ಹಿರಿಯ ಸದಸ್ಯರು ಕೆಲವರು ಸೀಸದ ಮಾತೆತ್ತುತ್ತಾರೆ. 2000ದ ಫೆಬ್ರವರಿ 1ರಿಂದ ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಆ ಸೀಸ ಆಕ್ಟೇನು ಏರಿಸುವುದರ ಜೊತೆಗೆ ಎಕ್ಸಾಸ್ಟ್ ವಾಲ್ವು ಕೂರುವ ಜಾಗ ಸವೆಯದಂತೆಯೂ ಕಾಯುತ್ತಿತ್ತು ಎಂಬುದು ನಿಜ. ಬೀಡುಕಬ್ಬಿಣದ ಹೆಡ್ಡಿನಲ್ಲೇ ಸೀಟು ಕೊರೆದಿರುವ ಹಳೆಯ ಇಂಜಿನ್ನುಗಳನ್ನು ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ಸೀಟು ಸವೆದು ವಾಲ್ವು ಒಳಕ್ಕೆ ಇಳಿಯುತ್ತದೆ. ಆದರೆ ತೋಟದ ರಸ್ತೆಯಲ್ಲಿ, ಪೇಟೆಗೆ ಹೋಗಿಬರುವ ಇಪ್ಪತ್ತು ಮೂವತ್ತು ಕಿಲೋಮೀಟರಿನಲ್ಲಿ ಆ ಭಯ ಕಡಿಮೆ. ಮುಂದೆ ಹೇಗೂ ಹೆಡ್ಡು ಇಳಿಸುವಾಗ ಗಟ್ಟಿ ಉಕ್ಕಿನ ಸೀಟು ಕೂರಿಸಿಕೊಂಡರೆ ಆ ಚಿಂತೆ ಮುಗಿಯಿತು.

ನಿಜವಾದ ತೊಂದರೆ ಎಥನಾಲಿನದು. ನಮ್ಮ ರಾಜ್ಯವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇಕಡಾ 5ರಷ್ಟು ಬೆರಸುವ ಯೋಜನೆ ಆರಂಭವಾದದ್ದು 2003ರಲ್ಲಿ. ಎಷ್ಟೋ ವರ್ಷ ಅದು ಕಾಗದದ ಮೇಲೇ ಹೆಚ್ಚಾಗಿ ಇತ್ತು. ಆಮೇಲೆ ವೇಗ ಬಂತು: 2022ರ ಜೂನಿನಲ್ಲಿ ಶೇಕಡಾ 10 ಮುಟ್ಟಿತು, 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಸಮಾರಂಭದಲ್ಲಿ ಇ-20 ಬಿಡುಗಡೆಯಾಯಿತು, 2025ರಲ್ಲಿ ಶೇಕಡಾ 20ರ ಗುರಿಯನ್ನೇ ತಲುಪಿತು. ಮೊದಲಿಗೆ 2030ಕ್ಕೆ ಎಂದು ಇಟ್ಟುಕೊಂಡಿದ್ದ ಗುರಿ ಇದು. ಎಥನಾಲನ್ನೇ ಬೇಡವೆನ್ನುವವರು ನಾವಲ್ಲ. ಅದು ಕಬ್ಬಿನಿಂದ, ಮೆಕ್ಕೆಜೋಳದಿಂದ, ನುಚ್ಚಕ್ಕಿಯಿಂದ ಆಗುವಂಥದು. ಮಂಡ್ಯದ ಕಬ್ಬಿನವನೂ ದಾವಣಗೆರೆಯ ಜೋಳದವನೂ ನಮ್ಮಂತೆಯೇ ಬೆಲೆಗಾಗಿ ಆಕಾಶ ನೋಡುವ ರೈತರು. ಅವರ ಬೆಳೆಗೆ ಇನ್ನೊಂದು ಗಿರಾಕಿ ಹುಟ್ಟಿದರೆ ಹೊಟ್ಟೆಕಿಚ್ಚು ಪಡುವ ಅಗತ್ಯ ನಮಗಿಲ್ಲ. ನಮ್ಮ ತಕರಾರು ಒಂದೇ: ಹಳೆಯ ಗಾಡಿಯವನಿಗೆ ಆಯ್ಕೆ ಉಳಿಸಲಿಲ್ಲ.

ತೊಂದರೆಯ ಸ್ವರೂಪವನ್ನು ಸ್ವಲ್ಪ ಬಿಡಿಸಿ ನೋಡೋಣ. ಒಂದು ಲೀಟರು ಎಥನಾಲಿನಲ್ಲಿರುವ ಶಾಖ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹಾಗಾಗಿ ಲೀಟರಿಗೆ ಓಡುವ ದೂರ ಕಡಿಮೆಯಾಗಲೇಬೇಕು. ನೀತಿ ಆಯೋಗ 2021ರ ಜೂನಿನಲ್ಲಿ ಪ್ರಕಟಿಸಿದ ವರದಿಯೇ ಹಳೆಯ ಮಾದರಿಯ ನಾಲ್ಕು ಚಕ್ರದ ಗಾಡಿಗಳಲ್ಲಿ ಇ-20ರಿಂದ ಮೈಲೇಜು ಶೇಕಡಾ 6ರಿಂದ 7ರಷ್ಟು ಕುಸಿಯುವುದೆಂದು ಅಂದಾಜು ಮಾಡಿತ್ತು. ಎಥನಾಲಿನಲ್ಲಿ ಆಮ್ಲಜನಕ ಸೇರಿಕೊಂಡಿರುವುದರಿಂದ ಕಾರ್ಬುರೇಟರಿನ ಹಳೆಯ ಹೊಂದಾಣಿಕೆಗೆ ಮಿಶ್ರಣ ತೆಳ್ಳಗಾಗುತ್ತದೆ. ಬೆಳಗಿನ ಚಳಿಯಲ್ಲಿ ಚೋಕು ಎಳೆದರೂ ಇಂಜಿನ್ನು ಹಿಡಿಯುವುದಿಲ್ಲ, ಹಿಡಿದರೂ ಮುಗ್ಗರಿಸುತ್ತದೆ. ಹೊಸ ಗಾಡಿಗಳಲ್ಲಿ ಕಂಪ್ಯೂಟರು ಇದನ್ನು ತಾನೇ ಸರಿಮಾಡಿಕೊಳ್ಳುತ್ತದೆ. ನಮ್ಮವಕ್ಕೆ ಜೆಟ್ಟನ್ನು ಒಂದು ಸೈಜು ದೊಡ್ಡದು ಹಾಕಿಸಿ, ತಿಳಿದ ಮೆಕ್ಯಾನಿಕ್ಕಿನ ಕೈಯಲ್ಲಿ ಟ್ಯೂನ್ ಮಾಡಿಸಬೇಕು.

ಎರಡನೆಯದು, ಹಳೆಯ ರಬ್ಬರು ಮತ್ತು ಬಿರಡೆಯ ಗ್ಯಾಸ್ಕೆಟ್ಟುಗಳು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಂ ಇವೆಲ್ಲ ಎಥನಾಲಿಗೆ ಊದಿ, ಮೆತ್ತಗಾಗಿ, ಬಿರುಕು ಬಿಡುತ್ತವೆ. ಬಿಸಿ ಇಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಜಿನುಗುವುದೆಂದರೆ ಮೈಲೇಜಿನ ಮಾತಲ್ಲ, ಬೆಂಕಿಯ ಮಾತು. ಬಾನೆಟ್ಟು ಎತ್ತಿ ಪೈಪನ್ನು ಬೆರಳಲ್ಲಿ ಒತ್ತಿ ನೋಡಿ. ಅಂಟಂಟಾಗಿದ್ದರೆ, ಸೀಳು ಕಂಡರೆ, ಅಂದೇ ಬದಲಾಯಿಸಿ. ಎಥನಾಲಿಗೆ ತಾಳುವ ಪೈಪು ಎಂದು ಕೇಳಿಯೇ ಕೊಳ್ಳಬೇಕು. ಅಂಗಡಿಯವನು ಕೊಟ್ಟ ಕರಿ ಪೈಪೆಲ್ಲ ಒಂದೇ ಅಲ್ಲ. ಮೇಲೆ ಲೆಕ್ಕ ಹಾಕಿದ ಆ 3,840 ರೂಪಾಯಿ ಇಂಥ ಕೆಲಸಕ್ಕೆ ಹೋದರೆ ಸಾರ್ಥಕ. ಇನ್ನೊಂದು ಮಾತು: ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತಿದ್ದ ಜಿಡ್ಡನ್ನು ಎಥನಾಲ್ ಕದಡಿ ಎಬ್ಬಿಸುತ್ತದೆ. ಫಿಲ್ಟರನ್ನು ಆಗಾಗ ನೋಡುತ್ತಿರಿ.

ಮೂರನೆಯದು ನೀರು. ಮಲೆನಾಡಿನವರಾದ ನಮಗೆ ಎಲ್ಲಕ್ಕಿಂತ ದೊಡ್ಡದು ಇದೇ. ಬಯಲುಸೀಮೆಯವರಿಗೆ ಇದರ ಬಿಸಿ ಅಷ್ಟು ತಟ್ಟದು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಸ್ವಲ್ಪ ನೀರನ್ನು ಕರಗಿಸಿಕೊಂಡು ಸುಮ್ಮನಿರುತ್ತದೆ. ಮಿತಿ ಮೀರಿದರೆ, ಅಥವಾ ರಾತ್ರಿಯ ಥಂಡಿ ಹೆಚ್ಚಿದರೆ, ನೀರೂ ಎಥನಾಲೂ ಜೊತೆಗೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಪೆಟ್ರೋಲ್ ಪೈಪು ಎಳೆಯುವುದು ತಳದಿಂದಲೇ. ಆರಿದ್ರಾ ಮಳೆಯಿಂದ ಆಶ್ಲೇಷಾ ಮಳೆಯವರೆಗೆ ಕಾಲು ಟ್ಯಾಂಕು ಪೆಟ್ರೋಲಿನಲ್ಲಿ ಶೆಡ್ಡಿನಲ್ಲಿ ನಿಂತ ಜೀಪು, ಬೇಕಾದ ರಾತ್ರಿ ಹೊರಡದೆ ಕೂತರೆ ಆಶ್ಚರ್ಯವೇನಿಲ್ಲ. ಮಳೆಗಾಲದಲ್ಲಿ ಟ್ಯಾಂಕು ತುಂಬಿಸಿಡಿ. ಖಾಲಿ ಜಾಗ ಕಡಿಮೆಯಾದಷ್ಟೂ ತೇವ ಕಡಿಮೆ. ಮುಚ್ಚಳದ ರಬ್ಬರು ಸರಿಯಿರಲಿ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಸುಮ್ಮನೆ ನಿಲ್ಲಿಸದೆ ನಾಲ್ಕು ಮೈಲಿ ಓಡಿಸಿ.

ಕಳೆ ಹೊಡೆಯುವ ಯಂತ್ರ, ಔಷಧಿ ಹೊಡೆಯುವ ಪಂಪುಗಳಿಗೂ ಈ ಮಾತು ಅನ್ವಯಿಸುತ್ತದೆ, ಇನ್ನೂ ಹೆಚ್ಚಾಗಿಯೇ. ಎಣ್ಣೆ ಬೆರಸಿ ಓಡಿಸುವ ಟೂ-ಸ್ಟ್ರೋಕ್ ಯಂತ್ರದಲ್ಲಿ ಹೀಗೆ ತಳಕ್ಕಿಳಿದ ನೀರು-ಎಥನಾಲಿನಲ್ಲಿ ಎಣ್ಣೆಯ ಅಂಶ ಇರುವುದೇ ಇಲ್ಲ; ಅದನ್ನು ಕುಡಿದ ಪಿಸ್ಟನ್ನು ಕಚ್ಚಿ ನಿಲ್ಲುತ್ತದೆ. ಮೇ ತಿಂಗಳಲ್ಲಿ ಬೆರೆಸಿಟ್ಟದ್ದನ್ನು ಸೆಪ್ಟೆಂಬರಿನಲ್ಲಿ ಹಾಕಬೇಡಿ. ಯಂತ್ರ ಎತ್ತಿಡುವ ಮೊದಲು ಟ್ಯಾಂಕು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಓಡಿಸಿಬಿಡಿ.

ಬೇಸಿಗೆಯಲ್ಲಿ ಚಾರ್ಮಾಡಿಯನ್ನೋ ಆಗುಂಬೆಯನ್ನೋ ಏರಿ ಬಂದ ಹಳೆಯ ಅಂಬಾಸಿಡರು ಮೇಲೆ ನಿಂತರೆ ಮತ್ತೆ ಹಿಡಿಯದಿರುವುದು ಹಿಂದಿನಿಂದಲೂ ಇದ್ದದ್ದೇ. ಪೈಪಿನಲ್ಲೇ ಪೆಟ್ರೋಲು ಆವಿಯಾಗುವುದರಿಂದ ಹಾಗಾಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಹತ್ತು ನಿಮಿಷ ಕಾಯುವ ಹಳೆಯ ಡ್ರೈವರುಗಳ ಉಪಾಯ ಇಂದಿಗೂ ಸರಿಯಾದದ್ದೇ.

ತಾವು ಕೊಂಡ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆಯೆಂದು ಸದಸ್ಯರು ಮನೆಯಲ್ಲೇ ನೋಡಿಕೊಳ್ಳಬಹುದು. ನೂರು ಮಿಲಿಲೀಟರಿನ ಉದ್ದನೆಯ ಗಾಜಿನ ಅಳತೆ ಕೊಳವೆಯಲ್ಲಿ 20 ಮಿಲಿ ನೀರು, ಅದರ ಮೇಲೆ 80 ಮಿಲಿ ಪೆಟ್ರೋಲು ಹಾಕಿ, ಬಾಯಿ ಮುಚ್ಚಿ ಅಲುಗಾಡಿಸಿ, ಹತ್ತು ನಿಮಿಷ ಬಿಡಿ. ಎಥನಾಲೆಲ್ಲ ನೀರಿಗೆ ಸೇರಿ ಕೆಳಗಿನ ಗೆರೆ ಮೇಲೇರುತ್ತದೆ. 35ರ ಆಸುಪಾಸಿಗೆ ಬಂದರೆ ಅದು ಇ-20. ಕದಲದೆ 20ರಲ್ಲೇ ನಿಂತರೆ ಎಥನಾಲಿಲ್ಲ. ಹೊರಗೆ, ಗಾಳಿಯಲ್ಲಿ ಮಾಡಿ. ಒಲೆ, ಬೀಡಿ ಹತ್ತಿರ ಬೇಡ. ದುಬಾರಿ ಪೆಟ್ರೋಲಿನಲ್ಲಿ ಎಥನಾಲೇ ಇಲ್ಲವೆಂದು ಬಂಕಿನ ಹುಡುಗ ಹೇಳಿದರೆ ಅವನ ಮಾತಿಗಿಂತ ಈ ಗಾಜನ್ನು ನಂಬಿ. 95 ಆಕ್ಟೇನಿನ ಪ್ರೀಮಿಯಂ ಪೆಟ್ರೋಲಿಗೂ ಎಥನಾಲ್ ಬೆರಸುತ್ತಾರೆ.

ಇಷ್ಟೆಲ್ಲ ಪಾಡು ಬೆಳೆಗಾರನೇ ಪಡಬೇಕೆ? ಅದೇ 2021ರ ವರದಿ, ಇ-20 ಬಂದ ಮೇಲೂ ಹಳೆಯ ಗಾಡಿಗಳ ರಕ್ಷಣೆಗಾಗಿ ಇ-10 ಪೆಟ್ರೋಲು ಬಂಕುಗಳಲ್ಲಿ ಸಿಗುತ್ತಿರಬೇಕೆಂದು ಹೇಳಿತ್ತು. ಗಾಡಿ ತಯಾರಕರಿಗೂ ಕಾಲಾವಕಾಶ ಕೊಟ್ಟಿತ್ತು: ಇ-20ಕ್ಕೆ ತಾಳುವ ಸಾಮಾನು 2023ರ ಏಪ್ರಿಲಿನಿಂದ, ಇ-20ಕ್ಕೇ ಹೊಂದಿಸಿದ ಇಂಜಿನ್ನು 2025ರ ಏಪ್ರಿಲಿನಿಂದ. ತಯಾರಕರಿಗೆ ಸಿಕ್ಕ ಅವಕಾಶ ನಮಗೆ ಸಿಗಲಿಲ್ಲ. ಎಥನಾಲಿಲ್ಲದ ಪೆಟ್ರೋಲಿನ ಆಯ್ಕೆ ಬೇಕೆಂದು ಸಲ್ಲಿಸಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು ವಜಾ ಮಾಡಿತು. ಕೋರ್ಟಿನ ಮಾತಿಗೆ ನಾವು ತಲೆಬಾಗುತ್ತೇವೆ. ಆದರೆ ಸರ್ಕಾರದ ಮುಂದೆ ಅಹವಾಲು ಇಡುವ ಬಾಗಿಲು ಅದರಿಂದ ಮುಚ್ಚಿಲ್ಲ. ನಾವು ಕೇಳುವುದು ಎಥನಾಲೇ ಇಲ್ಲದ ಪೆಟ್ರೋಲನ್ನೂ ಅಲ್ಲ. ತಾಲ್ಲೂಕಿಗೆ ಒಂದು ಬಂಕಿನಲ್ಲಾದರೂ ಒಂದು ಪಂಪು ಇ-10ಕ್ಕೆ ಮೀಸಲಿರಲಿ, ಪ್ರತಿ ಪಂಪಿನ ಮೇಲೂ ಎಥನಾಲ್ ಶೇಕಡಾ ಎಷ್ಟೆಂದು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿರಲಿ ಎಂದಷ್ಟೆ. ಹೊಸ ಗಾಡಿ ಕೊಳ್ಳಿ ಎಂದು ಉಪದೇಶ ಮಾಡುವವರು ಕೊಳೆರೋಗ ಬಂದ ವರ್ಷದ ನಮ್ಮ ಪಾಸ್‌ಬುಕ್ಕನ್ನು ಒಮ್ಮೆ ನೋಡಬೇಕು.

ಈ ಎರಡು ಬೇಡಿಕೆಗಳ ಠರಾವನ್ನು ಬರುವ ಮಹಾಸಭೆಯ ಮುಂದೆ ಇಡಲು ಉದ್ದೇಶಿಸಿದ್ದೇವೆ. ಬರಿಯ ಠರಾವಿಗಿಂತ ಲೆಕ್ಕವಿರುವ ಠರಾವಿಗೆ ತೂಕ ಹೆಚ್ಚು. ಆದುದರಿಂದ 2023ಕ್ಕಿಂತ ಹಿಂದಿನ ಪೆಟ್ರೋಲ್ ಗಾಡಿ ಅಥವಾ ಯಂತ್ರ ಇರುವ ಸದಸ್ಯರು ಅದರ ಮಾದರಿ, ವರ್ಷ, ಕಳೆದ ಎರಡು ಮಳೆಗಾಲಗಳಲ್ಲಿ ಪೈಪು, ಪಂಪು, ಕಾರ್ಬುರೇಟರಿಗೆ ಆದ ಖರ್ಚು, ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು, ರಸೀದಿ ಇದ್ದರೆ ಲಗತ್ತಿಸಿ, ಗೊಬ್ಬರ ಒಯ್ಯಲು ಬಂದಾಗ ಕಚೇರಿಯಲ್ಲಿ ಕೊಡುವುದು. ಅಳತೆ ಕೊಳವೆ ಇಲ್ಲದವರಿಗಾಗಿ ಒಂದನ್ನು ಗೋದಾಮಿನಲ್ಲಿ ಇರಿಸಿದ್ದೇವೆ. ಪೆಟ್ರೋಲನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ತರಬೇಡಿ.