ಬೆನ್ನಿಗೆ ಬಿಡುವೆಲ್ಲಿ?

ಯೋಗ ಮೈಸೂರಿಗೆ ಹೊಸದಲ್ಲ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಮರುವರ್ಷ ಅವರ 'ಯೋಗ ಮಕರಂದ' ಕನ್ನಡದಲ್ಲಿಯೇ ಹೊರಬಂತು. 1938ರಲ್ಲಿ ಅವರ ಆಸನಗಳನ್ನು ಚಲಚಿತ್ರವಾಗಿಯೂ ತೆಗೆದರು. ಅಂದು ಅರಮನೆಯಲ್ಲಿ ಕಲಿಸುತ್ತಿದ್ದ ವಿದ್ಯೆ ಇಂದು ಮೊಬೈಲಿನ ವಿಡಿಯೊದಲ್ಲಿ ಕೂಲಿಕಾರನ ಮನೆಗೂ ಬಂದಿದೆ. ಸಂತೋಷ.

ಆದರೆ 8 ಗಂಟೆ ಯಂತ್ರದ ಮುಂದೆ ನಿಂತವನಿಗೆ, ರಾತ್ರಿಯವರೆಗೆ ಅಂಗಡಿಯ ಗಲ್ಲಾದ ಮುಂದೆ ಕುಳಿತವನಿಗೆ ಚಾಪೆ ಹಾಸಲು ಜಾಗವೆಲ್ಲಿ, ಹೊತ್ತೆಲ್ಲಿ? 2022ರ ಜೂನ್ 21ರಂದು ಮೈಸೂರು ಅರಮನೆಯ ಮುಂದೆ ಪ್ರಧಾನಿಯವರೊಡನೆ ಸಾವಿರಾರು ಜನ ಆಸನ ಹಾಕಿದರು. ಮರುವರ್ಷ ಫೆಬ್ರವರಿಯಲ್ಲಿ, ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆಯವರೆಗೆ ದುಡಿಸಬಹುದೆಂಬ ತಿದ್ದುಪಡಿಗೆ ರಾಜ್ಯದ ಶಾಸನಸಭೆ ಒಪ್ಪಿಗೆಯಿತ್ತಿತು. ವಾರಕ್ಕೆ 48 ಗಂಟೆ ಮೀರದೆಂದು ಸಮಾಧಾನ ಹೇಳಿದರು. ಹನ್ನೆರಡನೆಯ ಗಂಟೆಯಲ್ಲಿ ನೋಯುವ ಸೊಂಟಕ್ಕೆ ವಾರದ ಲೆಕ್ಕ ತಿಳಿಯುವುದೆ?

ಯೋಗ ಬೇಡವೆನ್ನುವವರು ನಾವಲ್ಲ. ಮನೆಯಲ್ಲಿ ಹತ್ತು ನಿಮಿಷವಾದರೂ ಮಾಡಿ. ನೋವಾದರೆ ನಿಲ್ಲಿಸಿ, ವಿಡಿಯೊದಲ್ಲಿರುವ ಗುರುವಿಗೆ ನಿಮ್ಮ ಮೊಣಕಾಲು ಕಾಣದು. ಆದರೆ ಶವಾಸನಕ್ಕೂ ಮೊದಲು ಬಿಡುವು ಬೇಕು. ಅದನ್ನು ಯಾವ ವಿಡಿಯೊವೂ ಕೊಡದು. ಸಂಘ ಕಟ್ಟಿ, ಒಟ್ಟಾಗಿ ಕೇಳಿಯೇ ಪಡೆಯಬೇಕು.